ತುತ್ತೂರಿಯ ಸ್ವರ ಹುಟ್ಟುವುದು ತುಟಿಯಲ್ಲಿ

1956ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಹಾರ್ನ್ ಎಂಬ ಹಿತ್ತಾಳೆ ತುತ್ತೂರಿಯ ಹೆಸರಾಂತ ವಾದಕ ಡೆನಿಸ್ ಬ್ರೈನ್, ತೋಟಕ್ಕೆ ನೀರು ಹಾಯಿಸುವ ರಬ್ಬರ್ ಪೈಪಿನಲ್ಲಿ ಲಿಯೋಪೋಲ್ಡ್ ಮೊಜಾರ್ಟರ ಕೃತಿ ನುಡಿಸಿದರು. ಶ್ರುತಿ ಕೂಡಲೆಂದು ಪೈಪನ್ನು ಕತ್ತರಿಯಿಂದ ಕತ್ತರಿಸಿ ಅಳತೆಗೆ ತಂದಿದ್ದರು. ಸಂಗೀತಗಾರರ ಸುತ್ತ ಹಬ್ಬಿರುವ ಕಟ್ಟುಕತೆಗಳಲ್ಲಿ ಇದೂ ಒಂದೆನಿಸಬಹುದು. ಆದರೆ ಇದು ನಿಜವಾಗಿ ನಡೆದದ್ದು.

ಹಿತ್ತಾಳೆಯ ಕೊಳವೆಯೇ ಇಲ್ಲದೆ ಹಾರ್ನ್ ನುಡಿಯಿತು ಹೇಗೆ? ಕಂಪನ ಹುಟ್ಟುವುದು ಲೋಹದಲ್ಲಲ್ಲ, ವಾದಕನ ತುಟಿಯಲ್ಲಿ. ಬಿಗಿಹಿಡಿದ ತುಟಿಗಳ ನಡುವೆ ಉಸಿರು ನುಗ್ಗಿದಾಗ ಅವು ಪಟಪಟನೆ ತೆರೆದು ಮುಚ್ಚುತ್ತವೆ. 440 ಹರ್ಟ್ಸ್‌ನ ಸ್ವರ ಬೇಕೆಂದರೆ ಸೆಕೆಂಡಿಗೆ 440 ಬಾರಿ! ಹೀಗೆ ಹುಟ್ಟಿದ ಗಾಳಿಯ ಅಲೆ ಕೊಳವೆಯ ತುದಿಗೆ ಹೋಗುತ್ತದೆ; ಅದರ ಒಂದು ಪಾಲು ಹೊರಗೆ ಕೇಳಿಸಿದರೆ, ಉಳಿದದ್ದು ಹಿಂದಿರುಗಿ ತುಟಿಯನ್ನು ತಾಗುತ್ತದೆ. ಹೋಗುವ ಅಲೆಗೂ ಬರುವ ಅಲೆಗೂ ತಾಳೆಯಾದಾಗ ಸ್ವರ ನೆಲೆ ನಿಲ್ಲುತ್ತದೆ. ಯಾವ ಸ್ವರಗಳು ನಿಲ್ಲಬಲ್ಲವು ಎಂಬುದನ್ನು ಮುಖ್ಯವಾಗಿ ಕೊಳವೆಯ ಉದ್ದವೇ ನಿರ್ಧರಿಸುತ್ತದೆ. ಎಫ್ ಶ್ರುತಿಯ ಹಾರ್ನಿನ ಸುರುಳಿ ಬಿಚ್ಚಿದರೆ ಸುಮಾರು 3.7 ಮೀಟರ್. 1818ರಲ್ಲಿ ಪೇಟೆಂಟ್ ಪಡೆದ ಕವಾಟಗಳು ಈ ಉದ್ದವನ್ನು ಬೆರಳ ತುದಿಯಲ್ಲೇ ಹೆಚ್ಚುಕಡಿಮೆ ಮಾಡುವ ದಾರಿ ತೆರೆದವು. ನಮ್ಮ ಕಹಳೆ, ಕೊಂಬುಗಳಿಗೆ ಕವಾಟವಿಲ್ಲ. ಅಲ್ಲಿ ಸ್ವರ ಬದಲಿಸುವುದು ತುಟಿಯ ಬಿಗಿ ಮತ್ತು ಉಸಿರು.

ಇಷ್ಟು ತಿಳಿದರೆ ಉಳಿದ ಕತೆಗಳನ್ನು ಒರೆಗೆ ಹಚ್ಚಬಹುದು. ವಾದಕರು ನಡುನಡುವೆ ಕೊಳವೆಯಿಂದ ಸುರಿಯುವುದು ಉಗುಳು ಎಂಬ ಮಾತಿದೆ. ಅದರಲ್ಲಿ ಬಹುಪಾಲು ಬರೀ ನೀರು. ತಣ್ಣೀರಿನ ಲೋಟದ ಹೊರಮೈ ಬೆವರುವಂತೆಯೇ, ಉಸಿರಿನ ಬಿಸಿ ತೇವ ತಂಪಾದ ಲೋಹಕ್ಕೆ ತಾಗಿ ಹನಿಗಟ್ಟುತ್ತದೆ.

ಮುಂದಿನ ಸಾಲಿನಲ್ಲಿ ಕುಳಿತು ನಿಂಬೆಹಣ್ಣು ಚೀಪಿದರೆ ಟ್ರಂಪೆಟ್ ವಾದಕನ ಸ್ವರವೇ ನಿಂತುಹೋಗುತ್ತದೆ ಎಂಬುದು ಇನ್ನೊಂದು ಕತೆ. ಹುಳಿ ಕಂಡರೆ ಬಾಯಲ್ಲಿ ನೀರೂರುವುದು ನಿಜ. ಆದರೆ ಸ್ವರವನ್ನು ಹಿಡಿದಿರುವುದು ತುಟಿಯ ಸುತ್ತಲಿನ ಸ್ನಾಯುಗಳು. ಜೊಲ್ಲು ಅವನ್ನು ಸಡಿಲಿಸದು.

ನಿಂಬೆಯ ಕತೆಯನ್ನು ನಂಬಿದರೆ ವಾದಕರಿಗೆ ಅನ್ಯಾಯ ಮಾಡಿದಂತೆ. ಆ ಪುಟ್ಟ ಸ್ನಾಯುಗಳನ್ನು ಹದಗೊಳಿಸಲು ಅವರು ವರ್ಷಗಟ್ಟಲೆ, ದಿನವೂ ಒಂದೊಂದೇ ಸ್ವರವನ್ನು ದೀರ್ಘವಾಗಿ ಊದಿ ಸಾಧನೆ ಮಾಡುತ್ತಾರೆ. ನಾವು ಮೆಚ್ಚಬೇಕಾದದ್ದು ಆ ದುಡಿಮೆಯನ್ನು.