ಕೊಳೆತ ಹಣ್ಣಿನ ಕುಲೀನ ರಸ

ಫ್ರಾನ್ಸಿನ ಬೋರ್ಡೊ ನಗರದ ದಕ್ಷಿಣಕ್ಕಿರುವ ಸೋತೆರ್ನ್ ಸೀಮೆಯಲ್ಲಿ ಶಾತೋ ದಿಕೆಮ್ ಎಂಬ ದ್ರಾಕ್ಷಿತೋಟವಿದೆ. ಅಲ್ಲಿನ ಸಿಹಿಯಾದ ಬಿಳಿ ದ್ರಾಕ್ಷಾರಸಕ್ಕೆ 1855ರ ಅಧಿಕೃತ ವರ್ಗೀಕರಣದಲ್ಲಿ ಸಂದ ಪರಮೋಚ್ಚ ಸ್ಥಾನವು ಆ ಸೀಮೆಯ ಬೇರಾವ ತೋಟಕ್ಕೂ ದೊರೆಯಲಿಲ್ಲ.

ಅಚ್ಚರಿಯೆಂದರೆ, ಆ ರಸದ ಮೂಲ ಕೊಳೆತ ಹಣ್ಣು! ಶರತ್ಕಾಲದ ಮುಂಜಾನೆ ಸಿರೋನ್, ಗರೋನ್ ನದಿಗಳ ಕಡೆಯಿಂದೇಳುವ ಮಂಜು ಬಳ್ಳಿಗಳನ್ನು ಕವಿಯುತ್ತದೆ. ಆ ತೇವದಲ್ಲಿ ಬೋಟ್ರೈಟಿಸ್ ಎಂಬ ಬೂಷ್ಟು ಹಣ್ಣನ್ನು ಹಿಡಿಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ನೀರು ಆರಿ, ಹಣ್ಣು ಮುದುಡಿ, ಸಕ್ಕರೆ ಸಾಂದ್ರಗೊಳ್ಳುತ್ತದೆ. ಬಿಸಿಲು ಬಾರದಿದ್ದರೆ ಅದೇ ಬೂಷ್ಟು ಬೆಳೆಯನ್ನು ಹಾಳುಗೆಡಹುತ್ತದೆ. ಕಾರಣ ಒಂದೇ, ಕಾರ್ಯ ಎರಡು. ತತ್ತ್ವಶಾಸ್ತ್ರ ಓದಿದವರು ಇಲ್ಲಿ ಕೊಂಚ ತಡವರಿಸಬೇಕಾದೀತು.

ಎಲ್ಲ ಹಣ್ಣೂ ಒಮ್ಮೆಗೇ ಈ ಹದಕ್ಕೆ ಬಾರದು. ಆದುದರಿಂದ ಕೊಯ್ಲಿನವರು ಅವೇ ಸಾಲುಗಳಿಗೆ ವಾರಗಟ್ಟಲೆ ಮತ್ತೆ ಮತ್ತೆ ಮರಳಿ, ಹದಗೊಂಡುದನ್ನು ಮಾತ್ರ ಆರಿಸುತ್ತಾರೆ. ಒಂದು ಬಳ್ಳಿಯಿಂದ ದಕ್ಕುವುದು ಸುಮಾರು ಒಂದು ಲೋಟ ರಸವಷ್ಟೇ.

ಇದರ ಬೆಲೆ ಕೇಳಿ ಹುಬ್ಬೇರಿಸುವವರಲ್ಲಿ ನಾವೂ ಸೇರಿದ್ದೇವೆ. ನಾವು ಮೆಚ್ಚುವುದು ಬೇರೊಂದನ್ನು. ಹಣ್ಣು ಕೆಟ್ಟ ವರ್ಷ ಈ ತೋಟವು ತನ್ನ ಹೆಸರಿನ ಸಿಹಿ ರಸವನ್ನು ಒಂದು ಸೀಸೆಯಷ್ಟೂ ಹೊರತರುವುದಿಲ್ಲ. 1972, 1974, 1992 ಹಾಗೆಯೇ ಕಳೆದವು. ಲುರ್-ಸಲ್ಯೂಸ್ ಮನೆತನವು ಇನ್ನೂರು ವರ್ಷ ಕಾಯ್ದುಕೊಂಡು ಬಂದಿದ್ದ ಈ ತೋಟ 1990ರ ದಶಕದ ಕೊನೆಗೆ ಎಲ್‌ವಿಎಂಎಚ್ ಎಂಬ ಭಾರಿ ಕಂಪನಿಯ ವಶವಾಯಿತು. ಲಾಭವನ್ನು ಎಣಿಸುವ ಕಂಪನಿ ಇಂತಹ ಕಟ್ಟುಪಾಡನ್ನು ಪಾಲಿಸೀತೆ? ಶಂಕೆ ಸಹಜವೇ.

2012ರಲ್ಲಿ ಹವಾಮಾನ ಕೈಕೊಟ್ಟಿತು. ಆ ವರ್ಷದ ದಿಕೆಮ್ ಹೊರಬರಲಿಲ್ಲ.