ಮೊಣಕಾಲಿನ ಮಿಲಿಲೀಟರ್, ಬೋರ್‌ವೆಲ್ಲಿನ ಲೀಟರ್

‘ಮೊಣಕಾಲಾಗ ಗ್ರೀಸ್ ಖಾಲಿ ಆಗೈತಿ’ ಎಂಬ ಮಾತು ಗಂಗಾವತಿಯ ಭತ್ತದ ಗದ್ದೆಗಳಲ್ಲಿ ಸಾಮಾನ್ಯ. ಆರೋಗ್ಯವಂತ ಮೊಣಕಾಲಿನಲ್ಲೂ ಆ ‘ಗ್ರೀಸ್’ 4 ಮಿಲಿಲೀಟರ್ ದಾಟುವುದು ಕಡಿಮೆ; ಒಂದು ಟೀ ಚಮಚ ತುಂಬದು. ಸವೆದ ಕೀಲು ಬಾತರೆ ಅದು ಹೆಚ್ಚುತ್ತದೆಯೇ ಹೊರತು ಖಾಲಿಯಾಗುವುದಿಲ್ಲ. ಸೂಜಿ ಹಾಕಿ 30 ಮಿಲಿಲೀಟರ್ ತೆಗೆಯುವುದೂ ಉಂಟು.

ಸವೆತದ ಚೂರುಗಳು ಈ ಕೀಲುದ್ರವದಲ್ಲೇ ತೇಲುತ್ತವೆ. ಮೂಳೆತುದಿಯ ನುಣುಪು ಹೊದಿಕೆ ಕಾರ್ಟಿಲೇಜ್. ಅದರಲ್ಲಿ ನೀರು ಕಳೆದು ಉಳಿದ ತೂಕದ ಅರ್ಧಕ್ಕಿಂತ ಹೆಚ್ಚು ಕೊಲಾಜನ್. ಅದರಲ್ಲಿ ಶೇ 90ರಷ್ಟು ಎರಡನೇ ಬಗೆಯದು. ಮೂರೆಳೆಯ ಈ ಹುರಿಯನ್ನು ಕೊಲಾಜಿನೇಸ್ ಕಿಣ್ವ ಒಂದೇ ಜಾಗದಲ್ಲಿ ಕತ್ತರಿಸಿ ಮುಕ್ಕಾಲು, ಕಾಲು ಎಂದು ಎರಡು ತುಂಡು ಮಾಡುತ್ತದೆ. ಮುಕ್ಕಾಲು ತುಂಡಿನ ಕಡಿದ ತುದಿಯನ್ನು ಹಿಡಿಯುವ ಪರೀಕ್ಷೆಯೇ ಸಿ2ಸಿ. ಇದೇ ಕೊಲಾಜನ್ನಿನ ಇನ್ನೊಂದು ಚೂರಾದ ಸಿಟಿಎಕ್ಸ್-2 ಎಂಬುದನ್ನು ಹೆಚ್ಚಾಗಿ ಮೂತ್ರದಲ್ಲಿ ಅಳೆಯುತ್ತಾರೆ.

ಕೀಲುದ್ರವದಲ್ಲಿ ಚೂರುಗಳನ್ನು ಅಳೆಯುವಾಗ ಲೆಕ್ಕ ತಪ್ಪುವುದುಂಟು. 3 ಮಿಲಿಲೀಟರ್ ದ್ರವದಲ್ಲಿ ಮಿಲಿಲೀಟರಿಗೆ 100 ಚೂರು ಅಂದುಕೊಳ್ಳಿ, ಒಟ್ಟು 300. ಕೀಲು ಬಾತು ದ್ರವ 30 ಆದರೆ ಅದೇ 300 ಚೂರು ಮಿಲಿಲೀಟರಿಗೆ ಬರೀ 10 ಎಂದು ಕಾಣುತ್ತದೆ. ಸವೆತವೇನೂ ಇಳಿದಿಲ್ಲ, ನೀರು ಬೆರೆತಿದೆ ಅಷ್ಟೆ. ಅದಕ್ಕೇ ದ್ರವದ ಒಟ್ಟು ಪ್ರಮಾಣವನ್ನೂ ಲೆಕ್ಕಕ್ಕೆ ಹಿಡಿಯಬೇಕು. ದಿನನಿತ್ಯದ ಚಿಕಿತ್ಸೆಗೆ ಈ ಪರೀಕ್ಷೆಗಳು ಇನ್ನೂ ಬಂದಿಲ್ಲ. ಎಕ್ಸ್‌ರೇ ಮತ್ತು ದ್ರವದ ಬಿಳಿರಕ್ತಕಣದ ಎಣಿಕೆಯೇ ಸಾಕಷ್ಟು ಹೇಳುತ್ತವೆ: ಮೈಕ್ರೋಲೀಟರಿಗೆ 2,000ಕ್ಕಿಂತ ಕಡಿಮೆಯಿದ್ದರೆ ಬಹುಮಟ್ಟಿಗೆ ಸವೆತ, 50,000 ದಾಟಿದರೆ ಕೀವಿನ ಅನುಮಾನ, ತಡಮಾಡುವಂತಿಲ್ಲ.

ಕೀಲು ಬದಲಿಸುವ ಹಂತ ಬಂದರೆ ಖರ್ಚು ಬೇರೆ. ಸರಾಸರಿ 1.58 ಲಕ್ಷ ರೂಪಾಯಿಯಿದ್ದ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ 54,720 ರೂಪಾಯಿ ಮಿತಿ ಹಾಕಿತು, ಜಿಎಸ್‌ಟಿ ಬೇರೆ. ಇದು ಬರೀ ಸಾಮಾನಿನ ಬೆಲೆ. ಆಸ್ಪತ್ರೆ ಬಿಲ್ ಅಲ್ಲ.

ಕುಷ್ಟಗಿ, ಯಲಬುರ್ಗಾ ಕಡೆ ಕೀಲುನೋವೆಲ್ಲ ಸವೆತವೂ ಅಲ್ಲ. ಅಲ್ಲಿನ ಬೋರ್‌ವೆಲ್ ನೀರಿನ ಫ್ಲೋರೈಡ್ ಹಳೆಯ ತಾಪತ್ರಯ. ವರ್ಷಗಟ್ಟಲೆ ಕುಡಿದರೆ ಕೀಲು ನೋಯುತ್ತದೆ, ಬೆನ್ನು ಸೆಟೆಯುತ್ತದೆ. ಲೀಟರಿಗೆ 1 ಮಿಲಿಗ್ರಾಂ ದಾಟದಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಆದರೆ ಫ್ಯಾನಿನಡಿ ಕೂತು 2 ಲೀಟರ್ ಕುಡಿಯುವವರಿಗೆ ಆ 1.5 ಅಂದರೆ ದಿನಕ್ಕೆ 3 ಮಿಲಿಗ್ರಾಂ. ಬೇಸಿಗೆಯ ಹೊಲದಲ್ಲಿ 5 ಲೀಟರ್ ಕುಡಿಯುವ ಕೂಲಿಯವರಿಗೆ 7.5. ನೀರಿನ ವರದಿ ಎರಡು ಮನೆಗೂ ಒಂದೇ. ಹೀಗಾಗಿ ಮೊಣಕಾಲು ತೋರಿಸಲು ಬಂದವರನ್ನು ಯಾವ ಬೋರ್‌ವೆಲ್ ಎಂದು ಕೇಳಿದರೆ ಸಾಲದು, ದಿನಕ್ಕೆ ಎಷ್ಟು ತಂಬಿಗೆ ಎಂದೂ ಕೇಳಬೇಕು.