ಮೆಮೊರಿ ಹೆಚ್ಚಿಸಿದ ಮೇಲೆ ಮೂಕವಾದ ಕಂಪ್ಯೂಟರು

ಕಂಪ್ಯೂಟರಿನ ವೇಗ ಕುಂದಿತೆಂದು ವಿದ್ಯಾರ್ಥಿಯೊಬ್ಬನು ಎಂಟು ಗಿಗಾಬೈಟಿನ ಹೊಸ ರ್‍ಯಾಮ್ ಪಟ್ಟಿಯೊಂದನ್ನು ಕೊಂಡುತಂದು, ಹಳೆಯದರ ಪಕ್ಕದಲ್ಲಿ ತಾನೇ ಜೋಡಿಸುತ್ತಾನೆಂದು ಭಾವಿಸೋಣ. ಗುಂಡಿಯನ್ನೊತ್ತಿದೊಡನೆ ಫ್ಯಾನು ತಿರುಗುತ್ತದೆ, ದೀಪ ಹೊತ್ತಿಕೊಳ್ಳುತ್ತದೆ. ಆದರೆ ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಯಂತ್ರವೇ ಸುಟ್ಟುಹೋಯಿತೆಂದು ಅವನ ಎದೆ ನಡುಗುವುದು ಸಹಜ. ಬಹುಮಟ್ಟಿಗೆ ಈ ಭಯಕ್ಕೆ ಆಧಾರವಿಲ್ಲ. ನಿಜವಾಗಿ ಭಯಪಡಬೇಕಾದ ಸಂದರ್ಭ ಬೇರೊಂದುಂಟು. ಅದನ್ನು ಆಮೇಲೆ ನೋಡೋಣ.

ಪರದೆ ಕಪ್ಪಾಗಿರುವುದೇಕೆ? ವಿದ್ಯುತ್ತು ಹರಿದೊಡನೆ ಯಂತ್ರವು ಮೊದಲು ಓದುವುದು ಡಿಸ್ಕಿನಲ್ಲಿರುವ ವಿಂಡೋಸನ್ನಾಗಲಿ ಲಿನಕ್ಸನ್ನಾಗಲಿ ಅಲ್ಲ. ಮದರ್‌ಬೋರ್ಡಿನ ಮೇಲೆ ಒಂದು ಸಣ್ಣ ಚಿಪ್ಪಿನಲ್ಲಿ ನೆಲಸಿರುವ ಆರಂಭದ ಪ್ರೋಗ್ರಾಮೊಂದನ್ನು ಅದು ಓದುತ್ತದೆ. ಇದನ್ನು ಹಿಂದೆ ಬಯಾಸ್ ಎನ್ನುತ್ತಿದ್ದರು. ಇಂದಿನ ಯಂತ್ರಗಳಲ್ಲಿ ಇದರ ಹೆಸರು ಯುಇಎಫ್‌ಐ. ಮೆಮೊರಿ ಸರಿಯಾಗಿದೆಯೆ ಎಂದು ಪರೀಕ್ಷಿಸುವುದು ಈ ಪ್ರೋಗ್ರಾಮಿನ ಮೊದಲ ಕೆಲಸಗಳಲ್ಲೊಂದು. ಆ ಪರೀಕ್ಷೆ ಮುಗಿಯುವವರೆಗೆ ಪರದೆಯ ಮೇಲೆ ಅಕ್ಷರ ಮೂಡಿಸುವ ಸಲಕರಣೆಯೂ ಇನ್ನೂ ಎಚ್ಚೆತ್ತಿರುವುದಿಲ್ಲ. ತನ್ನ ಕಷ್ಟವನ್ನು ಬರೆದು ತಿಳಿಸಲು ಯಂತ್ರಕ್ಕೆ ಪಾಟಿಯೇ ಇಲ್ಲವೆಂದ ಹಾಗಾಯಿತು! ಆದುದರಿಂದ ಅದು 'ಬೀಪ್' ಎಂಬ ಶಬ್ದದಿಂದಲೋ ದೀಪದಿಂದಲೋ ಸಂಜ್ಞೆ ಮಾಡುತ್ತದೆ. ಎಎಂಐ ಕಂಪೆನಿಯ ಹಳೆಯ ಬಯಾಸಿನಲ್ಲಿ ಮೂರು ಬೀಪ್ ಕೇಳಿಸಿದರೆ ಮೆಮೊರಿಯ ಮೊದಲ 64 ಕಿಲೋಬೈಟುಗಳಲ್ಲಿ ದೋಷವೆಂದು ಅರ್ಥ. ಈ ಸಂಜ್ಞೆಗಳು ಕಂಪೆನಿಯಿಂದ ಕಂಪೆನಿಗೆ ಬೇರೆಯಾಗಿರುವುದರಿಂದ ಬೋರ್ಡಿನ ಜೊತೆ ಬಂದ ಪುಸ್ತಕವನ್ನೇ ನೋಡಬೇಕು. ಈಚಿನ ಹಲವು ಬೋರ್ಡುಗಳಲ್ಲಿ ಡಿರ್‍ಯಾಮ್ ಎಂದು ಗುರುತು ಬರೆದ ಪುಟ್ಟ ದೀಪವೊಂದಿರುತ್ತದೆ.

ಕಾರಣಗಳಲ್ಲಿ ಅತ್ಯಂತ ಸಾಮಾನ್ಯವಾದುದು ಅತ್ಯಂತ ಸರಳವಾದುದೇ: ಪಟ್ಟಿ ತನ್ನ ಸ್ಲಾಟಿನಲ್ಲಿ ಸಂಪೂರ್ಣವಾಗಿ ಕುಳಿತಿರುವುದಿಲ್ಲ. ಮೇಜಿನ ಕಂಪ್ಯೂಟರಿನ ಡಿಡಿಆರ್4 ಪಟ್ಟಿಗೆ 288 ಸಂಪರ್ಕಗಳಿವೆ. ಅವುಗಳಲ್ಲಿ ಕೆಲವು ತಾಕದೆ ಹೋದರೂ ಕೆಲಸ ಕೆಟ್ಟಿತು. ವಿದ್ಯುತ್ತಿನ ತಂತಿಯನ್ನು ತೆಗೆದು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಮೇಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಪಟ್ಟಿಯನ್ನು ಹೊರತೆಗೆದು ಚಿಲಕ 'ಟಕ್' ಎನ್ನುವವರೆಗೆ ಎರಡು ತುದಿಗಳನ್ನೂ ಸಮವಾಗಿ ಒತ್ತಬೇಕು. ರಿಪೇರಿ ಅಂಗಡಿಗಳಲ್ಲಿ ಪೆನ್ಸಿಲಿನ ರಬ್ಬರಿನಿಂದ ಸಂಪರ್ಕಗಳನ್ನು ಉಜ್ಜುವುದುಂಟು. ಇದು ಫಲ ಕೊಡುವುದೂ ಉಂಟು. ಆದರೆ ಚಿನ್ನದ ಲೇಪ ಬಲು ತೆಳುವಾದುದು, ಪದೇ ಪದೇ ಉಜ್ಜುವುದು ಜಾಣತನವಲ್ಲ. ಇನ್ನು ಜಾತಿಯ ಪ್ರಶ್ನೆ: ಡಿಡಿಆರ್3 ಪಟ್ಟಿ 1.5 ವೋಲ್ಟಿನಲ್ಲಿಯೂ, ಡಿಡಿಆರ್4 1.2 ವೋಲ್ಟಿನಲ್ಲಿಯೂ, ಡಿಡಿಆರ್5 1.1 ವೋಲ್ಟಿನಲ್ಲಿಯೂ ಕೆಲಸ ಮಾಡುತ್ತವೆ. ಒಂದರ ಸ್ಥಳದಲ್ಲಿ ಇನ್ನೊಂದು ಕೂಡದಿರಲೆಂದೇ ಅಂಚಿನ ಕಚ್ಚನ್ನು ಬೇರೆ ಬೇರೆ ಕಡೆ ಇಟ್ಟಿದ್ದಾರೆ. ಕೂಡದಿದ್ದುದನ್ನು ಬಲವಂತದಿಂದ ಕೂಡಿಸಹೋದರೆ ಮುರಿಯುವುದು ಸ್ಲಾಟೇ.

ಎಲ್ಲವೂ ಸರಿಯಾಗಿ ಕುಳಿತಿದ್ದರೂ ಪರದೆ ಕಪ್ಪಾಗಿರಬಹುದು. ಇಲ್ಲಿ ಒಂದು ಸ್ವಾರಸ್ಯವಿದೆ. 3200 ಎಂದು ಗುರುತು ಮಾಡಿದ ಪಟ್ಟಿಯ ಒಂದೊಂದು ತಂತಿಯಲ್ಲಿಯೂ ಸೆಕೆಂಡಿಗೆ 320 ಕೋಟಿ ಬಿಟ್‌ಗಳು ಹರಿಯುತ್ತವೆ. ಎಂದರೆ ಒಂದು ಬಿಟ್ಟಿನ ಆಯುಸ್ಸು ಒಂದು ಸೆಕೆಂಡಿನ ನೂರು ಕೋಟಿ ಭಾಗಗಳಲ್ಲೊಂದರ ಮೂರನೆಯ ಒಂದಂಶಕ್ಕೂ ತುಸು ಕಡಮೆ. ಅಷ್ಟು ಹೊತ್ತಿನಲ್ಲಿ ಬೆಳಕೇ ಶೂನ್ಯದಲ್ಲಿ ಒಂಬತ್ತು ಸೆಂಟಿಮೀಟರಿಗಿಂತ ಸ್ವಲ್ಪ ಮುಂದೆ ಹೋಗಬಲ್ಲದು; ಬೋರ್ಡಿನ ತಾಮ್ರದ ಗೆರೆಯಲ್ಲಿ ಹರಿಯುವ ಸಂಜ್ಞೆ ಸುಮಾರು ಅದರ ಅರ್ಧ ದೂರವನ್ನು ಮಾತ್ರ ಕ್ರಮಿಸುತ್ತದೆ. ಮದರ್‌ಬೋರ್ಡಿನ ಮೇಲೆ ಹಾವಿನಂತೆ ಬಳುಕುವ ಗೆರೆಗಳನ್ನು ವಾಚಕರು ನೋಡಿರಬಹುದು. ಅವು ಅಲಂಕಾರಕ್ಕಲ್ಲ, ಎಲ್ಲ ದಾರಿಗಳ ಉದ್ದವನ್ನೂ ಸರಿದೂಗಿಸಲು ಹಾಗೆ ಬಳುಕಿಸಿದ್ದಾರೆ. ಉಳಿದ ಕೂದಲೆಳೆಯ ವ್ಯತ್ಯಾಸವನ್ನು ಯಂತ್ರವು ತಾನೇ ಅಳೆದು ತಿದ್ದಿಕೊಳ್ಳುತ್ತದೆ. ತಿಳಿದಿರುವ ಅಂಕೆಗಳನ್ನು ಬರೆಯುವುದು, ಓದುವುದು, ಕಾಲವನ್ನು ಒಂದಿಷ್ಟು ಹಿಂದೆ ಮುಂದೆ ಸರಿಸಿ ಮತ್ತೆ ಓದುವುದು: ಇದಕ್ಕೆ ಮೆಮೊರಿಯ ತರಬೇತಿ ಎಂದು ಹೆಸರು. ಡಿಡಿಆರ್5 ಯಂತ್ರಗಳಲ್ಲಿ ಹೊಸ ಪಟ್ಟಿ ಹಾಕಿದ ಮೊದಲ ಸಲ ಈ ತರಬೇತಿಗೆ ಕೆಲವು ನಿಮಿಷಗಳೇ ಹಿಡಿಯಬಹುದು. ಗಾಬರಿಯಿಂದ ಗುಂಡಿಯನ್ನೊತ್ತಿ ಆರಿಸಿದವನು ತರಬೇತಿಯನ್ನು ಪುನಃ ಮೊದಲಿನಿಂದ ಆರಂಭಿಸಿದಂತಾಗುವುದು. ಹತ್ತು ಹದಿನೈದು ನಿಮಿಷ ಸುಮ್ಮನೆ ಕಾಯುವುದೂ ಒಂದು ಚಿಕಿತ್ಸೆಯೇ.

ಪ್ರತಿಯೊಂದು ಪಟ್ಟಿಯ ಮೇಲೂ ಅದರ ವೇಗ, ಗಾತ್ರ ಮೊದಲಾದ ವಿವರಗಳನ್ನು ಹೊತ್ತ ಸಣ್ಣ ಚಿಪ್ಪೊಂದಿರುತ್ತದೆ. ಹಳೆಯ ಪಟ್ಟಿಗಾಗಿ ಹಿಂದೆ ಯಾರಾದರೂ ಬಯಾಸಿನಲ್ಲಿ ಹೆಚ್ಚಿನ ವೇಗವನ್ನು ಗೊತ್ತುಮಾಡಿದ್ದರೆ ಹೊಸದು ಆ ಓಟಕ್ಕೆ ಸಮನಾಗಿ ಓಡಲಾರದೆ ಹೋಗಬಹುದು. ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟರೆ ಸಾಮಾನ್ಯವಾಗಿ ಅಂಥ ಗೊತ್ತುವಳಿಗಳೆಲ್ಲ ಅಳಿದುಹೋಗುವುವು.

ದೋಷ ಎಲ್ಲಿದೆಯೆಂದು ಪತ್ತೆಮಾಡಲು ಪ್ರಯೋಗಶಾಲೆಯ ನಿಯಮವೇ ಸಾಕು: ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಹೊಸ ಪಟ್ಟಿಯನ್ನು ತೆಗೆದು ಹಳೆಯದರಿಂದ ಆರಂಭಿಸಿ ನೋಡಬೇಕು. ಅನಂತರ ಅದೇ ಸ್ಲಾಟಿನಲ್ಲಿ ಹೊಸದೊಂದನ್ನೇ ಇಡಬೇಕು. ಹಳೆಯದು ನಡೆದು ಹೊಸದು ನಡೆಯದಿದ್ದರೆ, ಹೊಸ ಪಟ್ಟಿ ಕೆಟ್ಟಿದೆ, ಇಲ್ಲವೆ ಆ ಬೋರ್ಡಿಗೆ ಹೊಂದುವುದಿಲ್ಲ. ಎರಡೂ ಒಂಟಿಯಾಗಿ ನಡೆದರೆ ಎರಡನೆಯ ಸ್ಲಾಟನ್ನು ಅದೇ ರೀತಿ ಪರೀಕ್ಷಿಸಬೇಕು. ಅದೂ ಸರಿಯಿದ್ದು, ಜೋಡಿಯಾಗಿ ಮಾತ್ರ ನಡೆಯದಿದ್ದರೆ ಅವೆರಡರ ಹೊಂದಾಣಿಕೆಯಲ್ಲಿ ತೊಡಕಿದೆ. ವೇಗವನ್ನು ತಗ್ಗಿಸಿ ನೋಡಬಹುದು.

ಮೇಲೆ ಹೇಳಿದ ಭಯದ ಸಂದರ್ಭ ಈಗ ಬಂದಿತು: ಮೆಮೊರಿಯಲ್ಲಿ ದೋಷವಿದ್ದೂ ಕಂಪ್ಯೂಟರು ಆರಂಭವಾಗಿಬಿಡುವುದು. 16 ಗಿಗಾಬೈಟುಗಳೆಂದರೆ ಸುಮಾರು 13,700 ಕೋಟಿ ಬಿಟ್‌ಗಳು. ಅವುಗಳಲ್ಲಿ ಕೆಲವೇ ಕೆಲವು ಕೆಟ್ಟಿದ್ದರೆ ಆರಂಭದ ಅವಸರದ ಪರೀಕ್ಷೆಗೆ ಅವು ಸಿಕ್ಕದೆ ಹೋಗಬಹುದು. ಆಮೇಲೆ ಆ ಜಾಗದ ಮೂಲಕ ಹಾದುಹೋದ ಒಂದು ಪ್ರಬಂಧವೋ ಭಾವಚಿತ್ರವೋ ಕೆಟ್ಟು, ಕೆಟ್ಟ ರೂಪದಲ್ಲಿಯೇ ಡಿಸ್ಕನ್ನು ಸೇರುತ್ತದೆ. ಯಾರಿಗೂ ಸುಳಿವೇ ಇರದು. 1981ರ ಐಬಿಎಂ ಪಿಸಿಯಲ್ಲಿ ಪ್ರತಿ ಎಂಟು ಬಿಟ್‌ಗಳಿಗೆ ಒಂಬತ್ತನೆಯದೊಂದು ಕಾವಲಿನ ಬಿಟ್ ಇತ್ತು. ಲೆಕ್ಕ ತಪ್ಪಿದರೆ ಆ ಯಂತ್ರ 'ಪ್ಯಾರಿಟಿ ಚೆಕ್' ಎಂದು ತೋರಿಸಿ ಅಲ್ಲಿಯೇ ನಿಂತುಬಿಡುತ್ತಿತ್ತು. ಇಂದು ಮನೆಯಲ್ಲಿ ಬಳಸುವ ಬಹುಪಾಲು ಕಂಪ್ಯೂಟರುಗಳಿಗೆ ಇಂಥ ಕಾವಲಿಲ್ಲ. ಡಿಡಿಆರ್5 ಚಿಪ್ಪಿನೊಳಗೆ ತಪ್ಪು ತಿದ್ದುವ ವ್ಯವಸ್ಥೆಯೊಂದಿದ್ದರೂ ದಾರಿಯ ತಂತಿಯಲ್ಲಾಗುವ ತಪ್ಪನ್ನು ಅದು ಕಾಣಲಾರದು. ಬೆಲೆ ಉಳಿಸಲೆಂದು ಕಾವಲನ್ನು ಕೈಬಿಟ್ಟುದು ನನ್ನ ಮಟ್ಟಿಗೆ ಮೆಚ್ಚತಕ್ಕ ಉಳಿತಾಯವಲ್ಲ.

ಆದುದರಿಂದ ಹೊಸ ಮೆಮೊರಿ ಹಾಕಿದ ಯಂತ್ರ ಚೆನ್ನಾಗಿ ನಡೆಯುವಂತೆ ಕಂಡರೂ ಮುಖ್ಯವಾದ ಕಡತಗಳನ್ನು ತೆರೆಯುವ ಮುನ್ನ ಅದನ್ನು ಪರೀಕ್ಷಿಸಬೇಕು. 1994ರಲ್ಲಿ ಮೊದಲು ರಚಿತವಾದ ಮೆಮ್‌ಟೆಸ್ಟ್86 ಎಂಬ ಪ್ರೋಗ್ರಾಮನ್ನು ಪೆನ್‌ಡ್ರೈವಿನಲ್ಲಿಟ್ಟು, ಅದರಿಂದಲೇ ಯಂತ್ರವನ್ನು ಆರಂಭಿಸಿ, ರಾತ್ರಿಯೆಲ್ಲ ಓಡಲು ಬಿಡಬಹುದು. ಅದು ಬಗೆಬಗೆಯ ಅಂಕೆಗಳ ವಿನ್ಯಾಸಗಳನ್ನು ಮೆಮೊರಿಯ ಉದ್ದಗಲಕ್ಕೂ ಬರೆದು ಮರಳಿ ಓದುತ್ತದೆ. ಬೆಳಗ್ಗೆ ಒಂದೇ ಒಂದು ತಪ್ಪು ಕಂಡಿದ್ದರೂ ವೇಗವನ್ನು ತಗ್ಗಿಸಿ, ಪಟ್ಟಿಗಳನ್ನು ಒಂದೊಂದಾಗಿ ಪುನಃ ಪರೀಕ್ಷಿಸಬೇಕು. ತಪ್ಪು ಹೊಸ ಪಟ್ಟಿಯಲ್ಲಿಯೇ ಉಳಿದರೆ ರಸೀದಿಯೊಡನೆ ಅದನ್ನು ಅಂಗಡಿಗೆ ಹಿಂದಿರುಗಿಸುವುದು. ಅಷ್ಟರಲ್ಲಿ ಉಳಿಸಿದ ಕಡತಗಳೇನಾದರೂ ಇದ್ದರೆ ಅವುಗಳನ್ನು ಹಳೆಯ ಪ್ರತಿಗಳೊಡನೆ ಹೋಲಿಸಿ ನೋಡುವುದು.